ನಾಯಿಗೆ ಹೆಸರಿತ್ತು

ಅವರು ತೀರಿಕೊಂಡ ದಿನ ಸಂಜೆ ನಮ್ಮ ಶಾಲೆಯ ಹಳೆಯ ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಗುಲಾಬಿ ಹೂವಿನ ಚಿತ್ರ, ಅದರ ಕೆಳಗೆ ‘ಸದಾ ಹಸನ್ಮುಖಿ, ಶಾಂತ ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸದ ಜೀವ’ ಎಂಬ ಮಾತು. ಅದಕ್ಕೆ ಸಾಲಾಗಿ ಕೈಮುಗಿದವರು ಎಷ್ಟೋ ಜನ. ನಾನು ಎರಡು ಸಲ ಓದಿದೆ. ಬೇರೆ ಯಾರದೋ ಸಾವಿಗೆ ಬರೆದದ್ದು ತಪ್ಪಿ ಇಲ್ಲಿಗೆ ಬಂದಿದೆಯೇನೋ ಅನ್ನಿಸಿತು.

ಅವರು ಶಾಂತ ಸ್ವಭಾವದವರಾಗಿರಲಿಲ್ಲ. ನನ್ನ ಮನಸ್ಸನ್ನಂತೂ ಎಷ್ಟೋ ಸಲ ನೋಯಿಸಿದ್ದಾರೆ, ಹೆಚ್ಚಿನ ಸಲ ನಾನು ಅದಕ್ಕೆ ತಕ್ಕವನೇ ಆಗಿದ್ದೆ. ನಾನು ನೋಡಿದ ಮನುಷ್ಯರಲ್ಲೇ ಅತ್ಯಂತ ಸಿಟ್ಟಿನವರು ಅವರು. ಆ ಸಿಟ್ಟು ಗಂಡ, ಮಕ್ಕಳು, ಮನೆ, ಸಂಬಳ ಇಂಥ ಯಾವುದರ ಮೇಲಿನದೂ ಆಗಿರಲಿಲ್ಲ. ಅದಕ್ಕೊಂದು ಗುರಿ ಇತ್ತು. ಒಬ್ಬ ಹೆಂಗಸು ಬದುಕಿಡೀ ಜೋಪಾನ ಮಾಡಿದ ಸಿಟ್ಟನ್ನು, ಚಿತೆ ಆರುವ ಮೊದಲೇ ಒಂದು ಗುಲಾಬಿ ಹೂವಿನಿಂದ ಒರೆಸಿ ಹಾಕುತ್ತಾರೆಂದರೆ ಸುಮ್ಮನಿರುವುದು ಹೇಗೆ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಲಹಂಕದ ಹಳೆ ಊರಿನಲ್ಲಿ, ರೈಲು ಹಳಿಯ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಪ್ರೌಢಶಾಲೆ ಇದೆ. ನಾನು ಅಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅವರು ಕನ್ನಡ ಮೇಡಂ. ಬಾಗಲಕೋಟೆ ಕಡೆಯವರು, ಕೆಲಸ ಸಿಕ್ಕಿ ಇಲ್ಲಿಗೆ ಬಂದವರು ಇಲ್ಲೇ ಉಳಿದರು. ಮದುವೆಯಾಗಿರಲಿಲ್ಲ. ಕೆಂಪಾಪುರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದು, ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸು ಎಷ್ಟೇ ಹೊತ್ತು ನಿಂತರೂ ಪ್ರಾರ್ಥನೆಯ ಗಂಟೆಗೆ ಮೊದಲು ಗೇಟಿನೊಳಗೆ ಇರುತ್ತಿದ್ದರು. ಅಷ್ಟು ವರ್ಷ ಇಲ್ಲಿದ್ದರೂ ಊರಿನ ಮಾತು ಬಿಟ್ಟವರಲ್ಲ. ಮಕ್ಕಳು ಮೊದಲ ವಾರ ನಗುತ್ತಿದ್ದವು. ಎರಡನೇ ವಾರ ಯಾವುದೂ ನಗುತ್ತಿರಲಿಲ್ಲ.

ಅದಕ್ಕೆ ಕಾರಣ ಅವರಿಗೆ ಎಲ್ಲರ ಹೆಸರೂ ಗೊತ್ತಿರುತ್ತಿತ್ತು. ಹೊಸ ತರಗತಿಯ ನಾಲ್ಕೈದು ದಿನದೊಳಗೆ, ಮೂರು ವಿಭಾಗದ ಎಲ್ಲ ಮಕ್ಕಳ ಹೆಸರು, ಇನಿಶಿಯಲ್ ಸಮೇತ. ಹಾಜರಿ ಪುಸ್ತಕ ತೆರೆಯದೆ, ಕಿಟಕಿಯ ಕಡೆ ಮುಖ ಮಾಡಿ ನಿಂತು ಹಾಜರಿ ಕರೆಯುತ್ತಿದ್ದರು. ಬೈಯುವಾಗಲೂ ಪೂರ್ತಿ ಹೆಸರಿನಿಂದಲೇ ಬೈಗುಳ. ಒಮ್ಮೆ ನಮ್ಮ ಹೆಡ್ಮಾಸ್ಟರು ವರಾಂಡದಲ್ಲಿ ಒಬ್ಬ ಹುಡುಗಿಯನ್ನು ‘ಏಯ್ ಕನ್ನಡಕ, ಬಾ ಇಲ್ಲಿ’ ಎಂದು ಕರೆದರು. ಮೇಡಂ ತರಗತಿಯಿಂದ ಹೊರಗೆ ಬಂದು, ‘ಕನ್ನಡಕ ಅಕಿ ಮೂಗಿನ ಮ್ಯಾಲ ಐತ್ರಿ, ಅದಕ್ಕ ಬರಾಕ ಕಾಲಿಲ್ಲ. ಅಕಿ ಹೆಸರು ಸೌಂದರ್ಯ ಎನ್. ಆರ್. ಹಂಗ ಕರೀರಿ, ಬರ್ತಾಳ’ ಎಂದು ಹೇಳಿ ಒಳಗೆ ಹೋದರು. ಹೆಡ್ಮಾಸ್ಟರು ಆಮೇಲೆ ಒಂದು ತಿಂಗಳು ಅವರ ರಜಾ ಅರ್ಜಿಗೆ ಸಹಿ ಹಾಕಲಿಲ್ಲ. ಅವರು ರಜಾ ಕೇಳುವುದನ್ನೇ ನಿಲ್ಲಿಸಿದರು.

ಶಾಲೆಯ ಹಿಂದಿನ ಗೋಡೆಗೆ ತಾಗಿ ಹಳೆಯ ಕ್ರೈಸ್ತ ಸ್ಮಶಾನವಿದೆ. ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದರೆ ಅಲ್ಲಿನ ಬೇರೆಲ್ಲ ಗೋರಿಗಳನ್ನೂ ಮೀರಿಸಿ ಒಂದು ಕಾಣುತ್ತದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಲ್ಲಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರನ ಕುಟುಂಬದ ಗೋರಿ ಅದು. ಗೋರಿ ಅನ್ನುವುದಕ್ಕಿಂತ ಸಣ್ಣ ಅರಮನೆ ಅನ್ನಬೇಕು. ನಾಲ್ಕು ಮೂಲೆಗೆ ಚೂಪಾದ ಗೋಪುರ, ನಡುವೆ ಕಮಾನು, ಕಮಾನಿನ ಮೈಯೆಲ್ಲ ಕೆತ್ತಿದ ದ್ರಾಕ್ಷಿ ಬಳ್ಳಿ. ಕಮಾನಿನ ಅಡಿಯಲ್ಲಿ ಬಿಳಿ ಅಮೃತಶಿಲೆಯ ದೇವದೂತೆ, ತಲೆ ತಗ್ಗಿಸಿ ನಿಂತಿದ್ದಾಳೆ. ಅವಳ ಪಕ್ಕದ ಹೂಜಿಗೆ ಹೊದಿಸಿದ ಬಟ್ಟೆಯೂ ಕಲ್ಲಿನದೇ, ಆದರೆ ಅದರ ಮಡಿಕೆಗಳನ್ನು ನೋಡಿದರೆ ಜೋರು ಗಾಳಿಗೆ ಹಾರೀತು ಅನ್ನಿಸುತ್ತದೆ. ಸುತ್ತ ಎರಕದ ಕಬ್ಬಿಣದ ಬೇಲಿ. ಮುಂಭಾಗದ ಫಲಕದಲ್ಲಿ ಮೂವರು ಮಕ್ಕಳು ಒಂದೇ ದಿಂಬಿಗೆ ತಲೆಯಿಟ್ಟು ಮಲಗಿದ್ದಾರೆ. ಅವರ ಕಾಲಬುಡದಲ್ಲಿ ಮುಂಗಾಲಿನ ಮೇಲೆ ಗದ್ದವೂರಿದ ಒಂದು ನಾಯಿ.

ಆ ಗೋರಿ ಚೆನ್ನಾಗಿದೆ. ಅದನ್ನು ಕೆತ್ತಿದವರ ಕೈಗೆ ನಾನು ಈಗಲೂ ನಮಸ್ಕರಿಸುತ್ತೇನೆ. ನನ್ನ ತಕರಾರು ಕಲ್ಲಿನ ಮೇಲಲ್ಲ.

ಒಂದು ಶನಿವಾರ ನಾನು ಎಂಟನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕಲ್ಲಿನ ಮೇಲಿನ ಇಂಗ್ಲಿಷ್ ಓದಿಸುವುದು, ಗೊತ್ತಿಲ್ಲದ ಪದ ಬರೆದುಕೊಳ್ಳುವುದು, ಅಷ್ಟೇ ಉದ್ದೇಶ. ಮಕ್ಕಳನ್ನು ಕಾಯಲು ಇನ್ನೊಬ್ಬರು ಬೇಕಿತ್ತು, ಮೇಡಂ ಕಪ್ಪು ಕೊಡೆ ಹಿಡಿದು ಬಂದರು. ಮಕ್ಕಳು ಸರದಿಯಲ್ಲಿ ಓದಿದರು. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಚಿಕ್ಕಪ್ಪಂದಿರು, ಒಂದು ವಾರದೊಳಗೆ ಜ್ವರದಿಂದ ಸತ್ತ ಮೂವರು ಮಕ್ಕಳು, ಹೀಗೆ ಒಟ್ಟು ಎಂಟು ಹೆಸರು, ಪ್ರತಿಯೊಂದಕ್ಕೂ ಹುಟ್ಟಿದ ದಿನ, ಸತ್ತ ದಿನ, ಬೈಬಲಿನ ಒಂದು ವಾಕ್ಯ. ನಾಯಿಯ ಕೆಳಗೆ ‘ನಮ್ಮ ನಂಬಿಗಸ್ಥ ರೋವರ್’ ಎಂದಿತ್ತು. ಮೇಡಂ ಎಲ್ಲಕ್ಕಿಂತ ಕೆಳಗೆ, ಮೆಟ್ಟಿಲಿನಂಥ ಬುಡದ ಕಲ್ಲಿನ ಕಡೆ ಕೊಡೆಯ ತುದಿ ತೋರಿಸಿ, ಅಲ್ಲೇನಿದೆ ಎಂದು ನನ್ನನ್ನು ಕೇಳಿದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಆ ಸಾಲು ಸವೆದು ಹೋಗಿತ್ತು. ನಾನು ಮಂಡಿಯೂರಿ, ಹಾವಸೆಯನ್ನು ಉಗುರಿನಿಂದ ಕೆರೆದು ಓದಿದೆ. ‘ಮತ್ತು ಅವರ ನಂಬಿಗಸ್ಥ ಆಯಾ.’

‘ಹೆಸರ?’ ಎಂದರು.

‘ಇಲ್ಲ ಮೇಡಂ. ಅಷ್ಟೇ ಇರೋದು.’

ಅವರು ಮಕ್ಕಳ ಕಡೆ ತಿರುಗಿ, ತರಗತಿಯಲ್ಲಿ ಕೇಳುವ ದನಿಯಲ್ಲೇ ನಾಮಪದದ ವಿಧಗಳನ್ನು ಕೇಳಿದರು. ಮಕ್ಕಳು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಒಟ್ಟಿಗೆ ಕೂಗಿದವು. ‘ಸರಿ. ಇಲ್ಲಿ ನೋಡ್ರಿ. ನಾಯಿಗೆ ಅಂಕಿತನಾಮ. ಹೆಣ್ಣಮಗಳಿಗೆ ಅನ್ವರ್ಥನಾಮ. ವಿಶೇಷಣ ಮಾತ್ರ ಇಬ್ಬರಿಗೂ ಒಂದ. ಬರಕೋರಿ’ ಎಂದರು. ಮಕ್ಕಳು ಬರೆದುಕೊಂಡರು. ನನಗೆ ನಗು ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ವಾಪಸು ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಎಂದಿನಂತೆ ಚಹಾ ಬಂತು. ನಮ್ಮ ಶಾಲೆಯಲ್ಲಿ ಕಸ ಗುಡಿಸಿ, ನೀರು ತುಂಬಿಸಿ, ಚಹಾ ತರುತ್ತಿದ್ದ ಹೆಂಗಸನ್ನು ಎಲ್ಲರೂ ಆಯಾ ಎಂದೇ ಕರೆಯುತ್ತಿದ್ದೆವು. ಅವರು ಲೋಟ ಇಟ್ಟು ಹೊರಗೆ ಹೋದದ್ದೇ ತಡ ಮೇಡಂ ನನ್ನನ್ನು ಕೇಳಿದರು, ‘ಸರ, ಈಗ ಚಾ ಕೊಟ್ಟಾಕಿ ಹೆಸರೇನ್ರಿ?’

ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅವರ ಕೈಯ ಚಹಾ ಕುಡಿದಿದ್ದೆ. ನನಗೆ ಸಕ್ಕರೆ ಕಡಿಮೆ ಎಂಬುದು ಅವರಿಗೆ ಗೊತ್ತಿತ್ತು. ನನ್ನ ಮಗಳ ಹೆಸರು, ಅವಳ ಪರೀಕ್ಷೆಯ ದಿನ ಎಲ್ಲ ಅವರಿಗೆ ಗೊತ್ತಿತ್ತು. ನಾನು ಗಣಿತದ ಮಾಸ್ತರರ ಮುಖ ನೋಡಿದೆ. ಅವರು ಕಿಟಕಿ ನೋಡಿದರು.

‘ಅಕ್ಕಯ್ಯಮ್ಮ’ ಎಂದರು ಮೇಡಂ. ‘ಇಂಗ್ಲೀಷರಿಗೆ ಬೈಯಾಕ ನಮಗ ಬಾಯಿ ಇಲ್ಲ ಬಿಡ್ರಿ.’

ಅವತ್ತಿನಿಂದ ಆ ಕಲ್ಲಿನ ಹೆಂಗಸಿನ ಹೆಸರು ಹುಡುಕುವುದು ಅವರ ಕೆಲಸವಾಯಿತು. ಸ್ಮಶಾನ ಯಾವ ಚರ್ಚಿಗೆ ಸೇರಿದ್ದೋ ಅಲ್ಲಿಗೆ ಹೋಗಿ, ಹಳೆಯ ಸಮಾಧಿ ರಿಜಿಸ್ಟರು ತೋರಿಸಿ ಎಂದು ಕೇಳಿದರು. ಅಲ್ಲಿನ ವಯಸ್ಸಾದ ಪಾದ್ರಿ ಒಳ್ಳೆಯ ಮನುಷ್ಯ. ಶನಿವಾರ ಮಧ್ಯಾಹ್ನ ಬನ್ನಿ, ಕೈ ತೊಳೆದುಕೊಂಡು ಪುಟ ತಿರುಗಿಸಿ ಎಂದರು. ಇಂಗ್ಲಿಷ್ ಕೈಬರಹ ಓದಲು ಮೇಡಂ ನನ್ನನ್ನು ಎಳೆದುಕೊಂಡು ಹೋದರು. ಶನಿವಾರದ ನಿದ್ದೆ ಕಳೆದುಕೊಂಡೆನೆಂದು ನಾನು ಗೊಣಗುತ್ತಿದ್ದೆ. ಕಂದು ಶಾಯಿ, ಓರೆ ಅಕ್ಷರ, ಹುಳು ತಿಂದ ಅಂಚು. ಒಂದೊಂದು ಪುಟವನ್ನೂ ಅವರು ನನ್ನ ಭುಜದ ಹಿಂದೆ ನಿಂತು ನೋಡುತ್ತಿದ್ದರು. ನಾನು ಒಂದು ಸಾಲು ಬಿಟ್ಟರೆ ಸ್ಕೇಲಿನಿಂದ ಕುಟ್ಟಿ ತೋರಿಸುತ್ತಿದ್ದರು.

ಐದನೆಯ ಶನಿವಾರ ಸಿಕ್ಕಿತು. ಮೂವರು ಮಕ್ಕಳ ದಾಖಲೆಯ ಕೆಳಗೆ, ಕೊನೆಯ ಮಗು ಸತ್ತ ಎರಡನೆಯ ದಿನ, ಅದೇ ಜ್ವರ. ಇಂಥವರ ಮನೆಯ ಆಯಾ, ಮೇರಿ, ಮೊದಲಿನ ಹೆಸರು ಮುನಿಯಮ್ಮ, ವಯಸ್ಸು ಸುಮಾರು ನಲವತ್ತು. ಮಕ್ಕಳ ಶುಶ್ರೂಷೆಯಲ್ಲಿ ತಾನೂ ಜ್ವರ ಹಿಡಿಸಿಕೊಂಡಳು ಎಂದು ಅಂದಿನ ಪಾದ್ರಿ ಒಂದು ಸಾಲು ಹೆಚ್ಚಾಗಿ ಬರೆದಿದ್ದ. ಯಾರೋ ಒಬ್ಬನಿಗಾದರೂ ಅಷ್ಟು ಬರೆಯಬೇಕೆನಿಸಿತ್ತು.

ನಾನು ಓದಿ ಹೇಳಿದೆ. ಮೇಡಂ ಕಣ್ಣೀರು ಹಾಕಲಿಲ್ಲ. ನೆಟ್ಟಗೆ ನಿಂತು, ಆ ಖಾಲಿ ಕೋಣೆಯಲ್ಲಿ, ಹಾಜರಿ ಕರೆಯುವ ಗಟ್ಟಿ ದನಿಯಲ್ಲಿ ‘ಮುನಿಯಮ್ಮ’ ಎಂದು ಕರೆದರು. ಪಾದ್ರಿ ಪಕ್ಕದ ಕೋಣೆಯಿಂದ ಏನಾಯಿತು ಎಂದು ಬಂದು ನೋಡಿದರು.

ಆ ಹೊತ್ತಿಗೇ ಗೋರಿಯನ್ನು ದುರಸ್ತಿ ಮಾಡುವ ಮಾತು ನಡೆದಿತ್ತು. ಆ ಕುಟುಂಬದ ವಂಶದವರು ವಿದೇಶದಲ್ಲಿದ್ದರು, ಖರ್ಚು ಕೊಡಲು ಒಪ್ಪಿದ್ದರು. ಇಲ್ಲಿ ಒಂದು ಸಮಿತಿಯಾಯಿತು. ಅದರ ಅಧ್ಯಕ್ಷರು ಸಹಕಾರನಗರದ ಒಬ್ಬ ನಿವೃತ್ತ ಅಧಿಕಾರಿ, ಹಳೆಯ ಕಟ್ಟಡಗಳ ಬಗ್ಗೆ ಭಾಷಣ ಮಾಡುವ ಹವ್ಯಾಸದವರು. ಮೇಡಂ ರಿಜಿಸ್ಟರಿನ ಪುಟದ ನಕಲು ಹಿಡಿದು ಅವರ ಮನೆಗೇ ಹೋಗಿ, ಬುಡದ ಕಲ್ಲಿನಲ್ಲಿ ಆ ಹೆಸರನ್ನು ಸೇರಿಸಬೇಕೆಂದು ಕೇಳಿದರು. ಬಹಳ ಇಂಟರೆಸ್ಟಿಂಗ್ ಎಂದು ಅವರು ನಕಲು ಇಟ್ಟುಕೊಂಡರು. ಮೇಡಂ ಮತ್ತೆ ಮತ್ತೆ ಹೋದರು. ಪ್ರತಿ ಸಲವೂ ಬಹಳ ಇಂಟರೆಸ್ಟಿಂಗ್ ಆಗಿಯೇ ಇತ್ತು.

ಕೆಲಸ ಮುಗಿದು ಮುಚ್ಚಿದ ಹಸಿರು ಬಟ್ಟೆ ತೆಗೆದ ದಿನ ಸಮಾರಂಭ. ಶಾಲೆಯಿಂದ ನಾವೂ ಹೋಗಿದ್ದೆವು. ನಿಜಕ್ಕೂ ಚೆನ್ನಾಗಿ ಮಾಡಿದ್ದರು. ದೇವದೂತೆಯ ಮುರಿದ ಬೆರಳು ಕೂಡಿತ್ತು, ಬೇಲಿಗೆ ಹೊಸ ಬಣ್ಣ, ಎಂಟೂ ಹೆಸರುಗಳಿಗೆ ಕಪ್ಪು ತುಂಬಿಸಿದ್ದರು. ರೋವರನ ಹೆಸರಿಗೆ ಚಿನ್ನದ ಬಣ್ಣ. ಬುಡದಲ್ಲಿ ಸವೆದ ಕಲ್ಲು ಇರಲಿಲ್ಲ. ಅದರ ಜಾಗದಲ್ಲಿ ನುಣ್ಣಗೆ ಪಾಲಿಶ್ ಮಾಡಿದ ಹೊಸ ಕಲ್ಲು ಕೂರಿಸಿದ್ದರು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಹೆಸರು ಸೇರಿಸುವುದು ಹಾಗಿರಲಿ, ಇದ್ದ ‘ಆಯಾ’ ಕೂಡ ಹೋಗಿತ್ತು.

ಮೇಡಂ ನೇರ ಹೋಗಿ ಅಧ್ಯಕ್ಷರ ಮುಂದೆ ನಿಂತರು. ಅಧ್ಯಕ್ಷರ ಕೈಯಲ್ಲಿ ಸಮೋಸದ ತಟ್ಟೆ ಇತ್ತು.

‘ನೋಡಿ ಮೇಡಂ, ಆ ಸ್ಟೋನ್ ಪೂರ್ತಿ ಹಾಳಾಗಿತ್ತು. ಚೇಂಜ್ ಮಾಡ್ಲೇಬೇಕಿತ್ತು. ಮೇನ್ ಇನ್‌ಸ್ಕ್ರಿಪ್ಷನ್ ಎಲ್ಲ ಹಾಗೇ ಉಳಿಸಿದ್ದೀವಲ್ಲ.’

‘ನಾಯಿ ಮೇನ್ ಏನ್ರಿ?’

ಅಧ್ಯಕ್ಷರು ನಕ್ಕರು. ಆ ನಗುವನ್ನು ನಾನು ಮರೆತಿಲ್ಲ. ಅದರಲ್ಲಿ ಕೆಟ್ಟತನವಿರಲಿಲ್ಲ, ಅದೇ ಅದರ ಕೆಟ್ಟತನ. ಒಬ್ಬ ಕನ್ನಡ ಮೇಷ್ಟ್ರಮ್ಮ ಏನೋ ತಮಾಷೆ ಮಾಡಿದಳು ಅನ್ನುವ ನಗು ಅದು. ಮೇಡಂ ಸಮೋಸದ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ಗೋರಿಯ ಆ ಹೊಸ ಕಲ್ಲಿನ ಮೇಲಿಟ್ಟು, ‘ತಟ್ಟಿ ಇಡಾಕ ಚಲೋ ಜಾಗ ಆತು’ ಎಂದು ಹೇಳಿ ನಡೆದುಬಿಟ್ಟರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವರ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ನಿಂತು, ಅವರಿಗೆ ಸ್ವಲ್ಪ ಬಿಪಿ ಇದೆ ಎಂದು ಸಮಜಾಯಿಷಿ ಹೇಳಿದೆ. ಅವರಿಗೆ ಬಿಪಿ ಇರಲಿಲ್ಲ.

ಮಾರನೆಯ ದಿನ ಒಂದು ಪುಟ ಬರೆದು ತಂದರು. ಸಮಾರಂಭದ ಕಾರ್ಯಕ್ರಮ ಪಟ್ಟಿಯಲ್ಲಿ ವಿದೇಶದ ಆ ಕುಟುಂಬದ ವಿಳಾಸವೂ ಈಮೇಲೂ ಅಚ್ಚಾಗಿದ್ದವು. ಅವರಿಗೆ ಪತ್ರ, ಅದನ್ನು ನಾನು ಇಂಗ್ಲಿಷಿಗೆ ಮಾಡಿ ಕಳಿಸಬೇಕು. ಅದರ ಒಂದು ಭಾಗ ನನಗೆ ಬಾಯಿಗೆ ಬರುತ್ತದೆ: ‘ನೀವು ಕೊಟ್ಟ ನೆರವಿನಿಂದ ದೇವದೂತೆಯ ಬೆರಳು ಕೂಡಿತು. ನಾಯಿಯ ಹೆಸರಿಗೆ ಚಿನ್ನದ ಬಣ್ಣ ಬಂತು. ನಿಮ್ಮ ಮನೆಯ ಮಕ್ಕಳ ಮೈ ಒರೆಸುತ್ತ ಸತ್ತ ಹೆಂಗಸನ್ನು ಮಾತ್ರ ಕಲ್ಲಿನಿಂದಲೇ ಒರೆಸಿ ಹಾಕಿದ್ದಾರೆ. ಇದು ನಿಮಗೆ ಗೊತ್ತಿದೆಯೇ? ಗೊತ್ತಿದ್ದರೆ ನಾಚಿಕೆಗೇಡು. ಗೊತ್ತಿರಲಿಲ್ಲ ಎಂದರೆ ಈಗ ಗೊತ್ತಾಯಿತು.’

ನಾನು ಮಾಡಿದ್ದನ್ನು ಈಗ ಹೇಳಬೇಕು. ಇಡೀ ವ್ಯವಹಾರದಲ್ಲಿ ನನಗೆ ನನ್ನ ಮೇಲೇ ಹೆಚ್ಚು ಸಿಟ್ಟು ಬರುವುದು ಇಲ್ಲಿ. ನಾನು ಆ ಪತ್ರವನ್ನು ಅನುವಾದ ಮಾಡಲಿಲ್ಲ. ಇಸ್ತ್ರಿ ಮಾಡಿದೆ. ಇಷ್ಟು ಸುಂದರವಾದ ಪುನರುದ್ಧಾರಕ್ಕಾಗಿ ನಮ್ಮ ಶಾಲೆಯ ಪರವಾಗಿ ಅಭಿನಂದನೆಗಳು, ಮುಂದೆ ಯಾವಾಗಲಾದರೂ ಅನುಕೂಲವಾದರೆ ಆಯಾಳ ಬಗ್ಗೆಯೂ ಒಂದು ಸಣ್ಣ ಉಲ್ಲೇಖವನ್ನು ದಯವಿಟ್ಟು ಪರಿಗಣಿಸಬಹುದೇ, ಎಂದು ಬರೆದೆ. ವಿದೇಶದವರು, ದುಡ್ಡು ಕೊಟ್ಟವರು, ಹೀಗೆಲ್ಲ ಬರೆದರೆ ಏನಂದುಕೊಳ್ಳುತ್ತಾರೋ ಎಂದು. ಇಂಗ್ಲಿಷ್ ಮೇಷ್ಟರಾದ ನನಗೆ ಇಂಗ್ಲಿಷರ ಮುಂದೆ ಸಿಟ್ಟು ಮಾಡಿಕೊಳ್ಳುವ ಇಂಗ್ಲಿಷ್ ಬರುತ್ತಿರಲಿಲ್ಲ ಅನ್ನುವುದು ನಿಜವಾದ ಕಾರಣ. ಈಮೇಲಿನಲ್ಲಿ ಕಳಿಸಿದೆ, ಕಳಿಸಿದ್ದೇನೆ ಎಂದು ಅವರಿಗೆ ಹೇಳಿದೆ.

ಒಂದು ವಾರದಲ್ಲಿ ಕುಟುಂಬದ ಪರವಾಗಿ ಯಾರೋ ಎರಡು ಸಾಲು ಉತ್ತರಿಸಿದರು. ನಿಮ್ಮ ಮೆಚ್ಚುಗೆಯ ಮಾತಿಗೆ ಧನ್ಯವಾದಗಳು, ಸ್ಥಳೀಯರಿಗೆ ಸಂತೋಷವಾಗಿರುವುದು ನಮಗೂ ಸಂತೋಷ. ಮೇಡಂ ಉತ್ತರ ತೋರಿಸಿ ಎಂದಾಗ ನನಗೆ ಬೇರೆ ದಾರಿ ಇರಲಿಲ್ಲ, ಫೋನು ಕೊಟ್ಟೆ. ಅವರು ಓದಿದರು. ಮೆಚ್ಚುಗೆಯ ಮಾತು ಯಾವುದು ಎಂದು ಕೇಳಿದರು. ಬೆರಳಿನಿಂದ ತಳ್ಳಿ ಕೆಳಗಿದ್ದ ನನ್ನ ಪತ್ರವನ್ನೂ ಓದಿದರು. ನಿಧಾನವಾಗಿ, ಒಂದೊಂದು ಪದವನ್ನೂ ಓದಿದರು. ಸ್ಟಾಫ್ ರೂಮಿನಲ್ಲಿ ಇನ್ನೂ ನಾಲ್ಕು ಜನ ಇದ್ದರು.

ದನಿ ಏರಿಸಲಿಲ್ಲ. ‘ಸರ, ನನ್ನ ಸಿಟ್ಟು ದಾಟಿಸ್ರಿ ಅಂತ ನಿಮ್ಮ ಕೈಯಾಗ ಕೊಟ್ಟಿದ್ದೆ. ನೀವು ಅದನ್ನ ಅವರಿಗೆ ಮುಟ್ಟಸಲಿಲ್ಲ, ನನಗೂ ಉಳಸಲಿಲ್ಲ.’

ಫೋನು ಮೇಜಿನ ಮೇಲಿಟ್ಟು ತರಗತಿಗೆ ಹೋದರು. ಅದಾದ ಮೇಲೆ ನಾಲ್ಕು ತಿಂಗಳು ನನ್ನೊಂದಿಗೆ ಮಾತಿಲ್ಲ. ಅಷ್ಟೂ ದಿನ ಅಕ್ಕಯ್ಯಮ್ಮ ಚಹಾ ತಂದಾಗ ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಅವರಿಗೆ ಈ ಪತ್ರದ ವಿಷಯ ಏನೂ ಗೊತ್ತಿರಲಿಲ್ಲ, ಆದರೂ.

ಮೇಡಂ ಅದೇ ಕನ್ನಡ ಪತ್ರವನ್ನು ಇನ್ನೊಮ್ಮೆ ಸ್ಫುಟವಾಗಿ ಬರೆದು, ಲಕೋಟೆಯ ಮೇಲೆ ಮಾತ್ರ ವಿಳಾಸವನ್ನು ಇಂಗ್ಲಿಷಿನಲ್ಲಿ ನಕಲು ಮಾಡಿ, ರಿಜಿಸ್ಟರಿನ ಪುಟದ ಪ್ರತಿಯನ್ನೂ ಸೇರಿಸಿ ಅಂಚೆಗೆ ಹಾಕಿದ್ದು ನನಗೆ ಆಮೇಲೆ ತಿಳಿಯಿತು. ಮಾತು ಮತ್ತೆ ಶುರುವಾದಾಗ, ಕನ್ನಡದಲ್ಲಿ ಬರೆದರೆ ಅಲ್ಲಿ ಯಾರು ಓದುತ್ತಾರೆ ಎಂದು ನಾನು ಕೇಳಿದೆ. ಓದಿಸಿಕೊಳ್ಳುವುದು ಅವರ ಕೆಲಸ, ಬರೆಯುವುದು ನನ್ನದು ಎಂದರು. ಅಂದ ಹಾಗೆ ಮಾತು ಶುರುವಾದದ್ದಕ್ಕೆ ರಾಜಿ ಪಂಚಾಯಿತಿ ಏನೂ ನಡೆಯಲಿಲ್ಲ. ಒಂದು ಬೆಳಿಗ್ಗೆ ಬಂದು, ಸರ, ಸೀಮೆಸುಣ್ಣ ಐತೇನ್ರಿ ಎಂದರು. ನಾನು ಪೆಟ್ಟಿಗೆಯನ್ನೇ ಕೊಟ್ಟೆ. ಒಂದೇ ಒಂದು ತೆಗೆದುಕೊಂಡರು.

ನಿವೃತ್ತಿಯಾದ ವರ್ಷವೇ ಅವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಊರಿನಿಂದ ತಮ್ಮನ ಮಗಳು ಬಂದು ಜೊತೆಗಿದ್ದಳು. ನಾನು ನೋಡಲು ಹೋದ ದಿನ ವಾರ್ಡಿನಲ್ಲಿ ಸಣ್ಣ ಗದ್ದಲವಾಗಿತ್ತು. ಯಾರೋ ಹೊಸ ನರ್ಸು, ಏಳನೇ ಬೆಡ್ಡಿಗೆ ಇನ್ನೂ ಊಟ ಕೊಟ್ಟಿಲ್ಲ ಎಂದು ಇನ್ನೊಬ್ಬಳಿಗೆ ಕೂಗಿ ಹೇಳಿದ್ದಳು. ಬೆಡ್ಡು ಊಟ ಮಾಡುವುದಿಲ್ಲ, ಅದರ ಮೇಲೆ ಮಲಗಿದವಳು ಮಾಡುತ್ತಾಳೆ, ಅವಳ ಹೆಸರು ಬರೆದುಕೋ ಎಂದು ಮೇಡಂ ಪಟ್ಟು ಹಿಡಿದು, ಆ ಹುಡುಗಿ ತನ್ನ ಅಂಗೈಯ ಮೇಲೇ ಬರೆದುಕೊಳ್ಳುವವರೆಗೆ ಬಿಟ್ಟಿರಲಿಲ್ಲ. ನಾನು ಹೋದಾಗ ಆಕೆಯ ಹೆಸರನ್ನೂ, ಅವಳ ಊರನ್ನೂ, ಅವಳ ತಂಗಿ ಏನು ಓದುತ್ತಾಳೆ ಎಂಬುದನ್ನೂ ತಿಳಿದುಕೊಂಡು ಕೂತಿದ್ದರು.

ಮುನಿಯಮ್ಮನ ವಿಷಯವನ್ನೆಲ್ಲ ಎಲ್ಲಾದರೂ ಬರೆಯುತ್ತೇನೆ ಎಂದು ಅವತ್ತು ನಾನು ಹೇಳಿದೆ. ಹಿಂದಿನ ತಪ್ಪಿಗೆ ಅದೊಂದು ಪರಿಹಾರ ಅನ್ನಿಸಿತ್ತು.

‘ಬರೀರಿ. ನನ್ನ ಹೆಸರ ಮಾತ್ರ ಹಾಕಬ್ಯಾಡ್ರಿ. ಮಂದಿ ಭಾಳ ಶ್ಯಾಣ್ಯಾ ಅದಾರ. ನನ್ನ ಹೆಸರಿಗೆ ಒಂದು ಹಾರಾ ಹಾಕಿ, ಅಕಿದು ಮರತ ಬಿಡ್ತಾರ.’

ಅದಕ್ಕೇ ಇಲ್ಲಿ ಅವರ ಹೆಸರಿಲ್ಲ. ಮೂರು ವಾರದ ಮೇಲೆ ತೀರಿಕೊಂಡರು. ಹೆಬ್ಬಾಳದ ಚಿತಾಗಾರದಲ್ಲಿ ನಾವು ಹನ್ನೆರಡು ಜನ ಇದ್ದೆವು. ಆ ಸಂಜೆ ಗುಲಾಬಿ ಹೂವು ಬಂತು.

ಅವರು ಸತ್ತ ಎರಡು ತಿಂಗಳಿಗೆ ಶಾಲೆಯ ವಿಳಾಸಕ್ಕೆ, ಅವರ ಹೆಸರಿಗೆ, ವಿದೇಶದಿಂದ ಒಂದು ಲಕೋಟೆ ಬಂತು. ಅವರ ತಮ್ಮನ ಮಗಳ ಒಪ್ಪಿಗೆ ಪಡೆದು ನಾನೇ ತೆರೆದೆ. ಆ ವಂಶದ ಹಿರಿಯ ಹೆಂಗಸು, ವೃದ್ಧಾಶ್ರಮದಲ್ಲಿರುವವರು, ತಮ್ಮ ಕೈಯಿಂದಲೇ ಬರೆದಿದ್ದರು. ಮೇಡಂ ಪತ್ರ ಯಾರಿಗೂ ಅರ್ಥವಾಗದೆ ಒಂದೂವರೆ ವರ್ಷ ಕಾಗದಗಳ ನಡುವೆ ಬಿದ್ದಿತ್ತಂತೆ. ಆಶ್ರಮಕ್ಕೆ ಹೊಸದಾಗಿ ಬಂದ ಹಾಸನದ ಕಡೆಯ ಒಬ್ಬ ನರ್ಸು ಅದನ್ನು ಕಂಡು, ಮಂಚದ ಪಕ್ಕ ಕೂತು ಓದಿ ಹೇಳಿದಳಂತೆ. ‘ನನಗೆ ಗೊತ್ತಿರಲಿಲ್ಲ. ನೀವು ಬರೆದಂತೆ, ಈಗ ಗೊತ್ತಾಯಿತು. ಸಮಿತಿಗೆ ಬರೆದಿದ್ದೇನೆ’ ಎಂದಿತ್ತು.

ಆ ನರ್ಸು ಏನನ್ನೂ ಇಸ್ತ್ರಿ ಮಾಡಿರಲಿಲ್ಲ.

ಮುಂದಿನ ವಾರವೇ ಅಧ್ಯಕ್ಷರ ಫೋನು. ಅವರ ಉತ್ಸಾಹ ಹೇಳತೀರದು. ಆಯಾಳ ಹೆಸರನ್ನು ಕೂಡಲೇ ಕೆತ್ತಿಸುತ್ತಿದ್ದೇವೆ, ಎಂಥ ಮಾನವೀಯ ಕಥೆ, ನೀವೂ ಬರಬೇಕು ಎಂದರು. ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹೆಂಗಸು ಅವರ ಮನೆ ಬಾಗಿಲಿಗೆ ಅಷ್ಟು ಸಲ ಹೋಗಿ ಕೇಳಿದಾಗ ಆಗದೇ ಇದ್ದದ್ದು, ಕಡಲಾಚೆಯ ಒಂದು ಸಾಲಿಗೆ ಎಂಟು ದಿನದಲ್ಲಿ ಆಯಿತು. ನಾನು ಇದನ್ನೇ ಫೋನಿನಲ್ಲಿ ಹೇಳಿದೆ. ಹಳೇದೆಲ್ಲ ಯಾಕೆ ಸಾರ್ ಎಂದರು. ನೂರು ವರ್ಷಕ್ಕೂ ಹಿಂದಿನ ಗೋರಿಯ ಸಮಿತಿಯ ಅಧ್ಯಕ್ಷರು ಹೇಳುವ ಮಾತು ಇದು.

ಮೇಡಂ ಬರೆದ ಕಾಗದದ ವಿಷಯ ತಿಳಿಸಿ, ಕೆತ್ತುವ ದಿನ ಬರಲು ಅಕ್ಕಯ್ಯಮ್ಮನಿಗೂ ಹೇಳಿ ಕಳಿಸಿದೆ. ಅವರೂ ಕೆಲಸದಿಂದ ನಿವೃತ್ತರಾಗಿ ಊರಿನಲ್ಲಿದ್ದರು, ಯಲಹಂಕದಿಂದ ಆಚೆಗೆ ಬಸ್ಸಿನ ದಾರಿ. ಬಂದರು. ಅಧ್ಯಕ್ಷರು ಫೋಟೋ ತೆಗೆಯುವವನೊಂದಿಗೆ ಬಂದಿದ್ದರು. ಕಲ್ಲು ಕೆತ್ತುವವನ ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಹೆಸರಿತ್ತು. ನಾನು ಕನ್ನಡದಲ್ಲೂ ಕೆತ್ತಬೇಕೆಂದೆ. ಬೇರೆಲ್ಲ ಇಂಗ್ಲಿಷಿನಲ್ಲಿದೆ, ಮ್ಯಾಚ್ ಆಗಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟರು.

‘ಆಗಲ್ಲ ಸಾರ್’ ಎಂದೆ. ‘ಕನ್ನಡದಲ್ಲಿ ಬರೆದಿದ್ದಕ್ಕೇ ಇವತ್ತು ನೀವು ಇಲ್ಲಿ ನಿಂತಿರೋದು. ಕೈ ತೆಗೀರಿ.’

ತೆಗೆದರು. ಕೆತ್ತುವವನು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಸಿಕೊಂಡು ಉಳಿ ಹಿಡಿದ. ಮಧ್ಯಾಹ್ನದವರೆಗೂ ನಾನು ಬಿಸಿಲಲ್ಲೇ ನಿಂತಿದ್ದೆ. ಫೋಟೋದವನು ಮೊದಲಕ್ಷರಕ್ಕೇ ಹೊರಟುಹೋದ, ಅವನ ಹಿಂದೆ ಅಧ್ಯಕ್ಷರೂ.

ಮುಗಿದ ಮೇಲೆ ಅಕ್ಕಯ್ಯಮ್ಮ ಕಬ್ಬಿಣದ ಬೇಲಿಯ ಒಳಗೆ ಬಂದು, ಸೆರಗಿನಿಂದ ಕಲ್ಲಿನ ಪುಡಿ ಒರೆಸಿದರು. ಏನೆಂದು ಬರೆದಿದೆ ಎಂದು ಕೇಳಿದರು. ಓದಿ ಹೇಳಿದೆ.

‘ನಮ್ಮವ್ವನ ಎಸ್ರೂ ಮುನಿಯಮ್ಮಾನೇ ಸಾ’ ಎಂದರು.

ಅಷ್ಟು ವರ್ಷದಲ್ಲಿ ಇದನ್ನು ನಾನು ಕೇಳಿರಲಿಲ್ಲ. ಮೇಡಂ ಕೇಳಿದ್ದರೋ ಏನೋ. ತಾಯಿಯನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ವಿಚಾರಿಸಿದೆ. ಅವರು ಎದ್ದು ನಿಂತು, ಗೋಡೆಯಾಚೆ, ಏರ್‌ಪೋರ್ಟ್ ರಸ್ತೆಯ ಕಡೆ ಕೈ ತೋರಿಸಿದರು. ಊರಿನ ಸ್ಮಶಾನ ಅಲ್ಲಿತ್ತಂತೆ. ತಲೆಯ ಕಡೆ ಒಂದು ಗುಂಡುಕಲ್ಲು ನೆಟ್ಟು, ಹಬ್ಬಕ್ಕೊಮ್ಮೆ ಹೋಗಿ ಅರಿಶಿನ ಹಚ್ಚಿ ಬರುತ್ತಿದ್ದರಂತೆ.

‘ಈಗ ಲೇಔಟ್ ಆಗೈತೆ. ಮನೆ ಎದ್ದವೆ. ಕಲ್ಲೆಲ್ಲಾ ಜೇಸೀಬಿನಾಗೆ ಎತ್ತಾಕವ್ರೆ. ನಮ್ಮನ್ನ ಯಾರೂ ಕೇಳ್ನಿಲ್ಲ.’ ಹೇಳುವಾಗ ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಬಸ್ಸು ತಪ್ಪಿದ ವಿಷಯ ಹೇಳಿದಂತಿತ್ತು. ಸೆರಗು ಕೊಡವಿಕೊಂಡು ಮತ್ತೆ ಕೇಳಿದರು, ‘ಇಂಗೆ ಆದ್ರೆ ಯಾರ್‍ಗೆ ಕಾಗ್ದ ಬರೀಬೇಕು ಸಾ?’

ನಾನು ಗೊತ್ತಿಲ್ಲ ಎಂದೆ.

‘ಕೇಳ್ಕಂಡು ಯೋಳಿ’ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಅಕ್ಕಯ್ಯಮ್ಮ ಹೊರಟರು.